ಕುಟುಂಬದೊಳಗಿನ ದೈವಕರೆ: ಸಂತ ಲೂಯಿ ಮತ್ತು ಸಂತ ಝೆಲಿ ದಂಪತಿ

ಪಾಸ್ಖ ಕಾಲದ ನಾಲ್ಕನೆಯ ಭಾನುವಾರ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ದೈವಕರೆಗಾಗಿ ವಿಶೇಷ ಪ್ರಾರ್ಥನೆ. ಗುರುಮಠಕ್ಕೊಬ್ಬ ಮಗನನ್ನು, ಕನ್ಯಾಮಠಕ್ಕೊಬ್ಬ ಮಗಳನ್ನು ಕೊಡಿರೆಂದು ಗುರುಗಳು ಪ್ರಬೋಧನೆಯಲ್ಲಿ ಕೇಳಿಕೊಳ್ಳುತ್ತಾರೆ. ಕೇಳಬೇಕಾದದ್ದೇ. ಆದರೆ ಅದೇ ಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ತಾಯಿ, ಹಾಸಿಗೆ ಹಿಡಿದ ಅತ್ತೆಗೆ ಹೊತ್ತಿಗೆ ಸರಿಯಾಗಿ ಗಂಜಿ ಕೊಡಬೇಕೆಂದು ಪೂಜೆ ಮುಗಿಯುವುದನ್ನೇ ಕಾಯುತ್ತಿರುವವಳು, ಈ ಮಾತು ತನಗಲ್ಲ ಎಂದುಕೊಂಡೇ ಮನೆಗೆ ಹೋಗುತ್ತಾಳೆ. ದೈವಕರೆ ಎಂದರೆ ಗುರುಗಳ ಬಿಳಿ ನಿಲುವಂಗಿ, ಕನ್ಯಾಸ್ತ್ರೀಯ ಮುಸುಕು. ತನ್ನದು ಬರೀ ಸಂಸಾರ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯ ಕುರಿತಾದ ತನ್ನ ಸಂವಿಧಾನದಲ್ಲಿ ಒಂದು ಇಡೀ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟು, ಪವಿತ್ರರಾಗುವ ಕರೆ ಪ್ರತಿಯೊಬ್ಬ ಕ್ರೈಸ್ತನಿಗೂ ಇದೆ ಎಂದು ಸಾರಿತು. ಹಾಗಿದ್ದರೂ ನಮ್ಮ ಈ ತಿಳಿವಳಿಕೆ ಇನ್ನೂ ಅಲುಗಾಡಿಲ್ಲ.

ಆ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಾರ ಒಂದು ಕುಟುಂಬದ ಕಥೆಯನ್ನು ನೋಡೋಣ. ಬಾಲ ಯೇಸುವಿನ ಸಂತ ತೆರೇಸಾ ನಮಗೆಲ್ಲ ಗೊತ್ತು. ಗುಲಾಬಿ ಹಿಡಿದ ಅವರ ಪ್ರತಿಮೆಯೋ ಪಟವೋ ಇಲ್ಲದ ದೇವಾಲಯ ಅಪರೂಪ. ಅವರ ತಂದೆ ಲೂಯಿ ಮಾರ್ಟಿನ್ ಮತ್ತು ತಾಯಿ ಝೆಲಿ, ಇವರು ಅಷ್ಟಾಗಿ ಪರಿಚಿತರಲ್ಲ. 2015ರ ಅಕ್ಟೋಬರ್ 18ರಂದು ರೋಮಿನಲ್ಲಿ, ಕುಟುಂಬದ ವಿಷಯವಾಗಿ ಧರ್ಮಾಧ್ಯಕ್ಷರ ಸಭೆ ನಡೆಯುತ್ತಿದ್ದ ದಿನಗಳಲ್ಲೇ, ಅಂದಿನ ಜಗದ್ಗುರು ಫ್ರಾನ್ಸಿಸರು ಈ ಇಬ್ಬರನ್ನೂ ಸಂತರೆಂದು ಘೋಷಿಸಿದರು. ಗಂಡಹೆಂಡಿರನ್ನು ಜೊತೆಯಾಗಿ ಸಂತರ ಸಾಲಿಗೆ ಸೇರಿಸಿದ್ದು ಧರ್ಮಸಭೆಯ ಇತಿಹಾಸದಲ್ಲಿ ಅದೇ ಮೊದಲು.

ಮಗಳು ಸಂತಳಾದದ್ದರಿಂದ ಅಪ್ಪ ಅಮ್ಮನಿಗೂ ಆ ಗೌರವ ಸಿಕ್ಕಿತು ಎಂದು ಯಾರಾದರೂ ಅಂದುಕೊಂಡರೆ ಅವರ ಜೀವನವನ್ನು ಓದಿಲ್ಲವೆಂದೇ ಅರ್ಥ. ಅದು ಸುಖದ ಜೀವನವಾಗಿರಲಿಲ್ಲ. ಶುರುವಾದದ್ದೇ ಮುಚ್ಚಿದ ಎರಡು ಬಾಗಿಲುಗಳಿಂದ.

ಲೂಯಿ ಹುಟ್ಟಿದ್ದು 1823ರಲ್ಲಿ, ಸೈನಿಕನ ಮನೆಯಲ್ಲಿ. ಗಡಿಯಾರದ ಕೆಲಸ ಕಲಿತ ಅವರಿಗೆ ಸನ್ಯಾಸಿಯಾಗುವ ಆಸೆ. 22ರ ವಯಸ್ಸಿನಲ್ಲಿ ಆಲ್ಪ್ಸ್ ಪರ್ವತದ ಮೇಲಿರುವ ಸಂತ ಬರ್ನಾರ್ಡರ ಮಠದ ಬಾಗಿಲು ತಟ್ಟಿದರು. ಲತೀನ್ ಭಾಷೆ ಬಾರದು, ಕಲಿತು ಬಾ ಎಂದು ಅಲ್ಲಿ ಹಿಂದಕ್ಕೆ ಕಳುಹಿಸಿದರು. ಪಾಠಕ್ಕೆ ಸೇರಿದರು, ಕಾಯಿಲೆ ಬಿದ್ದರು, ಬಿಟ್ಟರು. 1831ರಲ್ಲಿ ಹುಟ್ಟಿದ ಝೆಲಿಗೆ ಬಡರೋಗಿಗಳ ಸೇವೆ ಮಾಡುವ ಸಂತ ವಿನ್ಸೆಂಟ್ ದ ಪೌಲರ ಸಭೆಯ ಕನ್ಯಾಸ್ತ್ರೀಯಾಗುವ ಬಯಕೆ. ಅಲ್ಲಿಯ ಮಠಾಧಿಕಾರಿಣಿ ಒಪ್ಪಲಿಲ್ಲ. ಇಬ್ಬರೂ ಬಯಸಿದ್ದು ಒಳ್ಳೆಯದನ್ನೇ. ಇಬ್ಬರಿಗೂ ಸಿಕ್ಕಿದ ಉತ್ತರ ಮಾತ್ರ, ಬೇಡ.

ಫ್ರಾನ್ಸಿನ ಅಲಾನ್ಸೋನ್ ಪಟ್ಟಣದಲ್ಲಿ, ನದಿಯ ಸೇತುವೆಯ ಮೇಲೆ ಇವರು ಮೊದಲ ಸಲ ಎದುರಾದರೆಂದು ಹೇಳುತ್ತಾರೆ. ಮೂರೇ ತಿಂಗಳಲ್ಲಿ, 1858ರ ಜುಲೈ 13ರ ನಡುರಾತ್ರಿ, ಮಾತೆ ಮರಿಯಮ್ಮನವರ ದೇವಾಲಯದಲ್ಲಿ ಮದುವೆಯಾಯಿತು. ಇಲ್ಲಿ ವಿಚಿತ್ರವೆನಿಸುವ ಒಂದು ಸಂಗತಿ ಇದೆ. ಮದುವೆಯಾದ ಮೇಲೂ ಸುಮಾರು ಹತ್ತು ತಿಂಗಳು ಇವರು ಅಣ್ಣತಂಗಿಯರಂತೆ ಬಾಳಿದರು. ಭಕ್ತಿಯ ಪುಸ್ತಕಗಳಲ್ಲಿ ಇದನ್ನು ದೊಡ್ಡ ತ್ಯಾಗವೆಂದು ಹೊಗಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಕೈತಪ್ಪಿದ ಮಠವನ್ನೇ ಮನೆಯೊಳಗೆ ಕಟ್ಟಿಕೊಳ್ಳಲು ಹೊರಟಿದ್ದರು, ಅಷ್ಟೆ. ಪಾಪನಿವೇದನೆ ಕೇಳುತ್ತಿದ್ದ ಗುರುಗಳೊಬ್ಬರು ಅವರನ್ನು ತಿದ್ದಿದರು: ನಿಮಗೆ ಸಿಕ್ಕಿರುವ ಸಂಸ್ಕಾರ ವಿವಾಹ, ಅದನ್ನೇ ಬಾಳಿರಿ. ಅವರು ತಿದ್ದಿಕೊಂಡರು. ನಮ್ಮ ಮೊದಲ ಪಾಠ ಇಲ್ಲೇ ಇದೆ. ದೇವರು ಕೊಡದೆ ಹೋದ ಕರೆಯನ್ನು ನೆನೆದು ಹಂಬಲಿಸುತ್ತಾ ಕುಳಿತವರು, ಕೊಟ್ಟ ಕರೆಯನ್ನು ಕೇಳಿಸಿಕೊಳ್ಳುವುದಿಲ್ಲ. ಪ್ರೇಷಿತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ ಏಳನೆಯ ಅಧ್ಯಾಯದಲ್ಲಿ, ದೇವರು ಕರೆದಾಗ ಯಾರು ಯಾವ ಸ್ಥಿತಿಯಲ್ಲಿದ್ದರೋ ಅಲ್ಲೇ ದೇವರೊಡನೆ ಬಾಳಲಿ ಎಂಬ ಅರ್ಥದಲ್ಲಿ ಬರೆಯುವುದನ್ನು ಬಿಡುವಾದಾಗ ಓದಿ ನೋಡಿರಿ.

ಝೆಲಿಯ ಕಸುಬು ಲೇಸ್ ಹೆಣೆಯುವುದು. ಅಲಾನ್ಸೋನಿನ ಲೇಸ್ ಸೂಜಿ ಮತ್ತು ಸಣ್ಣ ನೂಲಿನಿಂದಲೇ ಆಗುವಂಥದ್ದು, ಬಹಳ ನಿಧಾನದ ಕೆಲಸ. ಒಂದು ಚದರ ಸೆಂಟಿಮೀಟರಿಗೆ ಏಳು ಗಂಟೆ ಹಿಡಿಯುತ್ತದೆ ಎನ್ನುತ್ತಾರೆ. 2010ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಡೀ ಲೇಸನ್ನು ಒಬ್ಬರೇ ಹೆಣೆಯುತ್ತಿರಲಿಲ್ಲ. ಅಂಗೈಯಗಲದ ತುಂಡುಗಳನ್ನು ಹಲವು ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಹೆಣೆದು, ಗುರುವಾರ ಝೆಲಿಯ ಮನೆಗೆ ತಂದೊಪ್ಪಿಸುತ್ತಿದ್ದರು. ಆ ತುಂಡುಗಳನ್ನು ಕಿಟಕಿಯ ಬಳಿ ಕುಳಿತು, ಸೇರಿಸಿದ ಗುರುತೇ ಕಾಣದಂತೆ ಜೋಡಿಸುವುದು ಝೆಲಿಯ ಪಾಲಿನ ಕೆಲಸ. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. ವ್ಯಾಪಾರ ಎಷ್ಟು ಚೆನ್ನಾಗಿ ನಡೆಯಿತೆಂದರೆ, 1870ರಲ್ಲಿ ಲೂಯಿ ತಮ್ಮ ಗಡಿಯಾರದ ಅಂಗಡಿಯನ್ನು ಸೋದರಳಿಯನಿಗೆ ವಹಿಸಿಕೊಟ್ಟು ಹೆಂಡತಿಯ ವ್ಯಾಪಾರಕ್ಕೇ ಕೈಜೋಡಿಸಿದರು.

ಹಾಗೆಂದು ಆ ತಾಯಿ ಹಾಡುತ್ತಾ ನಗುತ್ತಾ ದುಡಿದರೆಂದು ತಿಳಿಯಬೇಡಿ. ಅವರ ಇನ್ನೂರಕ್ಕೂ ಹೆಚ್ಚು ಪತ್ರಗಳು ನಮಗೆ ಉಳಿದುಬಂದಿವೆ. ಈ ಹಾಳು ಲೇಸಿನಿಂದ ಜೀವ ಹೋಗುತ್ತಿದೆ ಎಂಬ ಗೊಣಗಾಟ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಿರಾಕಿಗಳ ಅವಸರ, ಮಕ್ಕಳ ಕೆಮ್ಮು, ನಿದ್ದೆಗೆಟ್ಟ ರಾತ್ರಿಗಳು, ಕೆಲಸದವರ ಸಂಬಳ, ಎಲ್ಲವೂ ಅಲ್ಲಿವೆ. ಆದರೂ ಬೆಳಗಿನ ಐದೂವರೆಯ ಬಲಿಪೂಜೆಗೆ ಗಂಡಹೆಂಡಿರು ಹೋಗುವುದು ತಪ್ಪಲಿಲ್ಲ. ಭಾನುವಾರ ಅಂಗಡಿಯ ಬಾಗಿಲು ತೆರೆಯಲಿಲ್ಲ. ಸುತ್ತಲಿನ ಹಳ್ಳಿಗಳವರು ಪೇಟೆಗೆ ಬರುತ್ತಿದ್ದುದೇ ಭಾನುವಾರ, ತೆರೆದರೆ ಲಾಭವೆಂದು ಸ್ನೇಹಿತರು ಹೇಳಿದರೂ ಲೂಯಿ ಕೇಳಲಿಲ್ಲ. ಸಂತ ಲೂಕರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಶಿಲುಬೆ ಹೊರುವ ಬಗ್ಗೆ ಪ್ರಭು ಹೇಳುವಾಗ, ಮತ್ತಾಯ ಮತ್ತು ಮಾರ್ಕರಲ್ಲಿ ಇಲ್ಲದ ಒಂದು ಮಾತು ಸೇರಿದೆ: ದಿನನಿತ್ಯವೂ. ಒಮ್ಮೆ ಹೊತ್ತು ಇಳಿಸಿಬಿಡುವ ಶಿಲುಬೆಯಲ್ಲ ಅದು. ಐದೂವರೆಯ ಪೂಜೆಗೆ ಏಳುವುದು, ಗುರುವಾರದ ಲೆಕ್ಕ, ಭಾನುವಾರದ ನಷ್ಟ, ಅದೇ ಆ ದಿನನಿತ್ಯ.

ಇನ್ನು ಮಕ್ಕಳು. ಒಂಬತ್ತು ಮಕ್ಕಳು ಹುಟ್ಟಿದರು. 1867ರಿಂದ 1870ರೊಳಗೆ ನಾಲ್ವರನ್ನು ಮಣ್ಣು ಮಾಡಿದರು. ಗುರುವಾಗಲೆಂದು ಹಾರೈಸಿ ಜೋಸೆಫ್ ಎಂದು ಹೆಸರಿಟ್ಟ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಮತ್ತೊಂದು ಗಂಡು ಹುಟ್ಟಿತು, ಅದಕ್ಕೂ ಜೋಸೆಫ್ ಎಂದೇ ಹೆಸರಿಟ್ಟರು, ಅದೂ ಹೋಯಿತು. ಐದು ವರ್ಷದ ಹೆಲೆನ್ 1870ರ ಫೆಬ್ರವರಿಯಲ್ಲಿ ಹೋದಳು. ಅದೇ ವರ್ಷ ಹುಟ್ಟಿದ ಹೆಣ್ಣುಕೂಸನ್ನು, ತಾಯಿಗೆ ಎದೆಹಾಲು ಇಲ್ಲದ ಕಾರಣ, ಹಾಲೂಡಿಸುವ ದಾದಿಯ ಬಳಿ ಬಿಡಬೇಕಾಯಿತು. ಆ ದಾದಿ ಕೂಸನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ತಿಳಿದು ಮನೆಗೆ ತಂದಾಗ ಕಾಲ ಮೀರಿತ್ತು. ಎರಡು ತಿಂಗಳು ತುಂಬುವ ಮೊದಲೇ ಹಸಿವಿನಿಂದ ಸೊರಗಿ ಸತ್ತುಹೋಯಿತು.

ಇಂಥ ಹೊತ್ತಿನಲ್ಲಿ ಸುತ್ತಲಿನವರು ಏನು ಹೇಳುತ್ತಾರೆಂದು ನಮಗೆ ಗೊತ್ತು. ಅಲ್ಲಿಯೂ ಹೇಳಿದರು: ಇಷ್ಟು ನೋವು ಉಣ್ಣುವುದಕ್ಕಿಂತ ಹೆರದೇ ಇದ್ದಿದ್ದರೆ ಚೆನ್ನಿತ್ತು. ಈ ಮಾತನ್ನು ನನಗೆ ಸಹಿಸಲಾಗದು ಎಂದು ಝೆಲಿ ತಮ್ಮ ನಾದಿನಿಗೆ ಬರೆದರು. ತನ್ನ ಕಷ್ಟವನ್ನು ಒಂದು ತಟ್ಟೆಯಲ್ಲೂ ಮಕ್ಕಳ ನಿತ್ಯಾನಂದವನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗಲು ಅವರು ಸಿದ್ಧರಿರಲಿಲ್ಲ. ಮಕ್ಕಳು ಇಲ್ಲವಾಗಿಲ್ಲ, ಮುಂದೆ ಹೋಗಿದ್ದಾರೆ, ಅಲ್ಲಿ ಸಿಗುತ್ತಾರೆ ಎಂಬುದೇ ಅವರ ನಂಬಿಕೆ. ಮಗುವನ್ನು ಕಳೆದುಕೊಂಡ ಮನೆಗೆ ಹೋಗುವ ನಾವೂ ಬಾಯಿಗೆ ಬಂದದ್ದನ್ನು ಹೇಳುವ ಬದಲು ಸುಮ್ಮನೆ ಕುಳಿತು ಒಂದು ಜಪಸರ ಹೇಳಿ ಬರುವುದು ಲೇಸು.

ಸತ್ತವರಿಗಿಂತ ಬದುಕಿದ್ದ ಒಬ್ಬ ಮಗಳು ಆ ತಾಯಿಯನ್ನು ಹೆಚ್ಚು ನೋಯಿಸಿದಳೆಂದರೆ ತಪ್ಪಾಗದು. ಮೂರನೆಯವಳು ಲಿಯೋನಿ. ಹಟಮಾರಿ, ಓದಿನಲ್ಲಿ ಹಿಂದೆ, ಶಾಲೆಯಿಂದ ವಾಪಸು ಕಳುಹಿಸಲ್ಪಟ್ಟವಳು. ಮನೆಗೆಲಸದವಳು ಅವಳನ್ನು ಹೆದರಿಸಿ ಬೆದರಿಸಿ ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದಳೆಂಬುದು ತಾಯಿಗೆ ತಿಳಿದದ್ದು 1877ರಲ್ಲಿ, ತಾನೇ ಸಾವಿನ ಅಂಚಿಗೆ ಬಂದಾಗ. ಇಷ್ಟು ಭಕ್ತಿಯ ಮನೆಯಲ್ಲಿ, ಕಣ್ಣೆದುರಿಗೇ, ವರ್ಷಗಟ್ಟಲೆ! ಸಂತರ ಮನೆಯಲ್ಲೂ ಕಣ್ತಪ್ಪಿದ್ದುಂಟು ಎಂದು ತಿಳಿದಾಗ ನಮ್ಮಂಥ ತಂದೆತಾಯಿಗಳಿಗೆ ಒಂದಿಷ್ಟು ಧೈರ್ಯ ಬರುತ್ತದೆ; ಜೊತೆಗೆ, ಮಂಕಾದ ಮಗುವನ್ನು ಇನ್ನೊಮ್ಮೆ ಹತ್ತಿರ ಕರೆದು ಕೇಳಬೇಕೆಂಬ ಎಚ್ಚರವೂ. ಈ ಲಿಯೋನಿ ಮುಂದೆ ಮೂರು ಸಲ ಮಠ ಸೇರಿ ಮೂರು ಸಲ ಹಿಂದಿರುಗಿದಳು. 1899ರಲ್ಲಿ ನಾಲ್ಕನೆಯ ಸಲ ಹೋದವಳು ಮರಳಿ ಬರಲಿಲ್ಲ. 1941ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಉಳಿದಳು. ಈಗ ಅವಳ ಸಂತಪದವಿಗಾಗಿಯೂ ವಿಚಾರಣೆ ಆರಂಭವಾಗಿದೆ.

ಝೆಲಿಯ ಎದೆಯಲ್ಲಿ ಗಂಟೊಂದು ಹಲವು ವರ್ಷಗಳಿಂದ ಇತ್ತು. 1876ರ ಕೊನೆಯಲ್ಲಿ ವೈದ್ಯರು ನೋಡಿ, ಶಸ್ತ್ರಚಿಕಿತ್ಸೆಯ ಕಾಲ ಮೀರಿದೆ ಎಂದರು. ಎದೆಯ ಕ್ಯಾನ್ಸರ್. ಕಿರಿಯವಳು ತೆರೇಸಾಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. 1877ರ ಜೂನ್ ತಿಂಗಳಲ್ಲಿ ದೊಡ್ಡ ಹೆಣ್ಣುಮಕ್ಕಳು ಮೂವರೊಂದಿಗೆ ಝೆಲಿ ಲೂರ್ದಿಗೆ ಯಾತ್ರೆ ಹೋದರು. ತಣ್ಣನೆಯ ನೀರಿನಲ್ಲಿ ನಾಲ್ಕು ಸಲ ಮುಳುಗಿದರು. ಗುಣವಾಗಲಿಲ್ಲ. ಪ್ರಯಾಣದ ಆಯಾಸದಿಂದ ನೋವು ಇನ್ನೂ ಹೆಚ್ಚಾಯಿತು. ಪವಾಡ ಕಾಣದೆ ಮಕ್ಕಳು ಕುಗ್ಗಿಹೋದಾಗ ಸಮಾಧಾನ ಹೇಳಿದ್ದು ತಾಯಿಯೇ. ಸುಖದ ಮಾತು ಕೊಟ್ಟಿರುವುದು ಇಹಕ್ಕಲ್ಲ, ಪರಕ್ಕೆ ಎಂದು ಲೂರ್ದಿನ ಮಾತೆ ಬರ್ನದೆತ್ತಳಿಗೆ ಹೇಳಿದ್ದನ್ನು ಅವರು ತಮಗೂ ಅನ್ವಯಿಸಿಕೊಂಡರು. ಆಗಸ್ಟ್ 28ರಂದು, 45ರ ವಯಸ್ಸಿನಲ್ಲಿ ಪ್ರಾಣ ಬಿಟ್ಟರು. ಹರಕೆ ಹೊತ್ತು ವೇಲಂಕಣಿಗೋ ಇನ್ನೊಂದು ಪುಣ್ಯಕ್ಷೇತ್ರಕ್ಕೋ ಹೋಗಿ ಬರಿಗೈಯಲ್ಲಿ ಬಂದೆವೆಂದು ಸಂಕಟಪಡುವವರು, ಸಂತಳೊಬ್ಬಳು ಲೂರ್ದಿನಿಂದ ಹಾಗೇ ಬಂದಳೆಂಬುದನ್ನು ನೆನೆಯಬಹುದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಭಾಗಕ್ಕೆ ಬರುತ್ತೇನೆ. ಐದು ಹೆಣ್ಣುಮಕ್ಕಳೊಂದಿಗೆ ಲೂಯಿ ಅದೇ ವರ್ಷ, ಝೆಲಿಯ ತಮ್ಮನಿದ್ದ ಲಿಸಿಯೂ ಪಟ್ಟಣಕ್ಕೆ ಬಂದು ನೆಲೆಸಿದರು. ಅಲ್ಲಿಯ ಕಾರ್ಮೆಲ್ ಮಠಕ್ಕೆ 1882ರಲ್ಲಿ ಪೌಲಿನ್, 1886ರಲ್ಲಿ ಮರೀ, 1888ರ ಏಪ್ರಿಲ್‌ನಲ್ಲಿ 15 ವರ್ಷದ ತೆರೇಸಾ ಸೇರಿದರು. ಆ ವೇಳೆಗಾಗಲೇ ತಂದೆಗೆ ಪಾರ್ಶ್ವವಾಯು ಬಡಿದು ಹೋಗಿತ್ತು. ತೆರೇಸಾ ಮಠ ಸೇರಿದ ಕೆಲವೇ ವಾರಗಳಲ್ಲಿ ತಂದೆ ಮನೆಯಿಂದ ಕಾಣೆಯಾದರು. ನಾಲ್ಕು ದಿನಗಳ ಹುಡುಕಾಟದ ನಂತರ ದೂರದ ಲ ಹಾವ್ರ್ ಬಂದರಿನಲ್ಲಿ ಸಿಕ್ಕರು. ಮೆದುಳಿಗೆ ರಕ್ತ ಹರಿಯುವ ನಾಳಗಳ ಕಾಯಿಲೆ ಅದು. ನೆನಪು ಕೈಕೊಡತೊಡಗಿತು, ಮನಸ್ಸಿಗೆ ಏನೇನೋ ಭಯಗಳು ಕಾಣತೊಡಗಿದವು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಅವರು ಮೂರು ವರ್ಷಗಳಿಗೂ ಹೆಚ್ಚು ಕಾಲ ಇದ್ದರು.

ಊರು ಸುಮ್ಮನಿದ್ದೀತೆ? ಹೆಣ್ಣುಮಕ್ಕಳೆಲ್ಲ ಮಠಕ್ಕೆ ಹೋದದ್ದರಿಂದಲೇ ಮುದುಕನಿಗೆ ತಲೆ ಕೆಟ್ಟಿತು, ಅದರಲ್ಲೂ ಕೊನೆಯವಳು ಹೋದದ್ದೇ ಕಾರಣ ಎಂದು ಜನ ಆಡಿಕೊಂಡರು. ಆ ಮಾತು ಮಠದ ಗೋಡೆ ದಾಟಿ ತೆರೇಸಾಳ ಕಿವಿಗೂ ಬಿತ್ತು. 16 ವರ್ಷದ ಹುಡುಗಿ. ತಂದೆಯನ್ನು ಹೋಗಿ ನೋಡುವಂತಿಲ್ಲ, ಉತ್ತರ ಕೊಡುವಂತಿಲ್ಲ. ತಂದೆ ಆಸ್ಪತ್ರೆ ಸೇರುವ ತಿಂಗಳ ಹಿಂದೆಯಷ್ಟೇ, ಮಠದ ಉಡುಪು ಧರಿಸಿದಾಗ, ತನ್ನ ಹೆಸರಿಗೆ ಪ್ರಭುವಿನ ಪವಿತ್ರ ಮುಖದ ಹೆಸರನ್ನೂ ಸೇರಿಸಿಕೊಂಡಿದ್ದಳು. ಪ್ರವಾದಿ ಯೆಶಾಯನ 53ನೆಯ ಅಧ್ಯಾಯದಲ್ಲಿ, ಜನರು ನೋಡಲಾರದೆ ಮುಖ ತಿರುಗಿಸಿಕೊಳ್ಳುವ ಯಾತನಾಪುರುಷನಲ್ಲಿ ಅವಳು ಯೇಸುವನ್ನೂ ಕಂಡಳು, ಅಪ್ಪನನ್ನೂ ಕಂಡಳು. ಆ ಮೂರು ವರ್ಷಗಳನ್ನು ಯಾವ ದಿವ್ಯದರ್ಶನಕ್ಕೂ ಬದಲಾಗಿ ಕೊಡಲಾರೆ ಎಂಬರ್ಥದಲ್ಲಿ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಳು.

ಹಾಗಾದರೆ ಲೂಯಿಯ ಕರೆ ಏನಾಯಿತು? ಪ್ರಾರ್ಥಿಸಲು ನೆನಪೇ ಇಲ್ಲದವನು ವಿಶ್ವಾಸದಲ್ಲಿ ಉಳಿಯುವುದೆಂದರೆ ಏನರ್ಥ? ಇದು ಪುಸ್ತಕದ ಪ್ರಶ್ನೆಯಲ್ಲ. ಜೀವಮಾನವಿಡೀ ದೇವಾಲಯದ ಗಂಟೆ ಬಾರಿಸಿದ ಅಜ್ಜ ಈಗ ಶಿಲುಬೆ ಗುರುತು ಹಾಕುವುದನ್ನೂ ಮರೆತಿದ್ದಾರೆ. ಮಕ್ಕಳ ಹೆಸರು ತಪ್ಪಿ ಕರೆಯುವ ಅಮ್ಮ ಪರಮಪ್ರಸಾದವನ್ನು ಬಾಯಿಂದ ಹೊರತೆಗೆದು ನೋಡುತ್ತಾರೆ. ಇಂಥವರು ನಮ್ಮ ಕೇರಿಯಲ್ಲೂ ಇದ್ದಾರೆ. ಮನೆಯವರು ನಾಚಿಕೆಯಿಂದ ಅವರನ್ನು ಒಳಗೆ ಕೂಡಿಹಾಕುವುದೂ ಉಂಟು.

ಸಂತ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯವನ್ನು ತೆಗೆಯಿರಿ. 15ರಿಂದ 19ರವರೆಗಿನ ವಾಕ್ಯಗಳನ್ನು ಒಂದು ಸಂಜೆ ಜಪಸರದ ನಂತರ ಮನೆಯವರೆಲ್ಲ ಕುಳಿತು ನಿಧಾನವಾಗಿ ಓದಿರಿ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಬಾರಿ ಕೇಳಿದ ಮೇಲೆ ಪ್ರಭು ಪೇತ್ರನಿಗೆ ಮುಪ್ಪಿನ ಮಾತನ್ನು ಎತ್ತುತ್ತಾರೆ. ಹರೆಯದಲ್ಲಿ ನಡು ಕಟ್ಟಿಕೊಂಡು ಇಷ್ಟಬಂದಲ್ಲಿಗೆ ಹೋಗುತ್ತಿದ್ದವನು, ಮುದಿತನದಲ್ಲಿ ಕೈ ಚಾಚಬೇಕಾಗುತ್ತದೆ, ಬೇರೊಬ್ಬರು ನಡು ಕಟ್ಟಿ ಒಲ್ಲದ ಕಡೆಗೆ ಕರೆದೊಯ್ಯುತ್ತಾರೆ. ಇದು ಪೇತ್ರನ ರಕ್ತಸಾಕ್ಷಿ ಮರಣದ ಮುನ್ಸೂಚನೆ ಎಂದು ಯೊವಾನ್ನರೇ ವಿವರಿಸುತ್ತಾರೆ, ನಿಜ. ಆದರೆ ಅದರ ಬೆನ್ನಿಗೇ ಯೇಸು ಏನು ಹೇಳುತ್ತಾರೆ ಗಮನಿಸಿರಿ: ನನ್ನ ಹಿಂದೆ ಬಾ. ಗಲಿಲೇಯ ಸರೋವರದ ದಡದಲ್ಲಿ, ಬಲೆ ಎಳೆಯುವ ತೋಳ್ಬಲವಿದ್ದ ಪೇತ್ರನಿಗೆ ಬಂದ ಅದೇ ಕರೆ. ಈಗ ಅದೇ ನೀರಿನ ದಡದಲ್ಲಿ, ತೋಳು ಸೋತು ಬೇರೆಯವರ ಕೈಗೆ ಸಿಕ್ಕುವ ಪೇತ್ರನನ್ನು ಮುಂದಿಟ್ಟುಕೊಂಡು ಮತ್ತೆ ಬರುತ್ತದೆ. ಶಕ್ತಿ ಇದ್ದಾಗ ಒಂದು ಕರೆ, ಶಕ್ತಿ ಹೋದಾಗ ಇನ್ನೊಂದು ಎಂದಿಲ್ಲ. ಕೈಲಾಗದ ಸ್ಥಿತಿ ಕರೆಯ ಕೊನೆಯಲ್ಲ, ಅದರ ಮುಂದುವರಿಕೆ.

ಲೂಯಿ ತಿಳಿವು ಇದ್ದಾಗಲೇ ಇದಕ್ಕೆ ಒಪ್ಪಿಗೆ ಕೊಟ್ಟಿದ್ದರು. 1888ರಲ್ಲಿ, ತಾವು ಮದುವೆಯಾದ ಅದೇ ದೇವಾಲಯದಲ್ಲಿ ಪ್ರಾರ್ಥಿಸಿ ಬಂದು, ನಾನು ತೀರಾ ಸುಖವಾಗಿದ್ದೇನೆ, ನಿಮಗಾಗಿ ಏನಾದರೂ ಅನುಭವಿಸಬೇಕೆಂದು ದೇವರನ್ನು ಕೇಳಿಕೊಂಡೆ ಎಂದು ಮಕ್ಕಳಿಗೆ ತಿಳಿಸಿದ್ದರು. ಆಸ್ಪತ್ರೆಯಲ್ಲೂ ಮನಸ್ಸು ತಿಳಿಯಾದ ಗಳಿಗೆಗಳಿದ್ದವು. ಜೀವನದಲ್ಲಿ ನನಗೆ ಅವಮಾನ ಎಂಬುದೇ ಆಗಿರಲಿಲ್ಲ, ಒಂದು ಬೇಕಾಗಿತ್ತು ಎಂದು ಅಲ್ಲಿ ಹೇಳಿದರಂತೆ. ಮಿಕ್ಕ ಸಮಯದಲ್ಲಿ ಅವರ ವಿಶ್ವಾಸವನ್ನು ಅವರಿಗಾಗಿ ಹಿಡಿದುಕೊಂಡವರು ಮಕ್ಕಳು. ಮೊದಮೊದಲು ಸೆಲಿನ್ ಮತ್ತು ಲಿಯೋನಿ ಆಸ್ಪತ್ರೆಯ ಹತ್ತಿರವೇ ಬಿಡಾರ ಹೂಡಿದರು. ತಂದೆಯ ಭೇಟಿ ವಾರಕ್ಕೊಮ್ಮೆ ಮಾತ್ರ, ಆದರೂ ಇದ್ದರು. ಸೆಲಿನ್‌ಗೂ ಕಾರ್ಮೆಲ್ ಸೇರುವ ಆಸೆ. ತಂದೆಗಾಗಿ ಆಸೆಯನ್ನು ಬದಿಗಿಟ್ಟಳು. ಅವಳ ದೈವಕರೆ ಆ ಆರು ವರ್ಷ ನಿಂತುಹೋಗಿತ್ತು ಎನ್ನುವವರೊಂದಿಗೆ ನನ್ನ ಸಹಮತವಿಲ್ಲ. ಆ ಆರು ವರ್ಷ ಅದು ತಂದೆಯ ಊಟ, ಬಟ್ಟೆ, ಹಾಸಿಗೆಯ ರೂಪದಲ್ಲಿತ್ತು.

ಇಲ್ಲಿ ಎರಡು ಮಾತು ಸ್ಪಷ್ಟವಾಗಬೇಕು. ಸಹನೆ ಎಂದರೆ ವೈದ್ಯರ ಬಳಿ ಹೋಗದಿರುವುದಲ್ಲ; ಝೆಲಿ ಹೋದರು, ಲೂಯಿಯನ್ನೂ ಕರೆದೊಯ್ದರು. ಮನಸ್ಸಿನ ಕಾಯಿಲೆ ಪಾಪದ ಫಲವಲ್ಲ, ಮಾಟವೂ ಅಲ್ಲ. ರೋಗಿಗಳ ಅಭ್ಯಂಗ ಸಂಸ್ಕಾರವನ್ನೂ ಕೊನೆಯುಸಿರಿನವರೆಗೆ ತಡಮಾಡಬೇಕಿಲ್ಲ. ಅದು ಸಾಯುವವರಿಗೆ ಮಾತ್ರವಲ್ಲವೆಂದು ವ್ಯಾಟಿಕನ್ ಮಹಾಸಭೆ ಹೇಳಿದೆ. ಇನ್ನೊಂದು ಮಾತು, ಕುಡಿದು ಬಂದು ಹೊಡೆಯುವ ಗಂಡನ ಕೈಗೆ ಸಿಕ್ಕು ನರಳುವುದೇ ನಿನ್ನ ಶಿಲುಬೆ ಎಂದು ಯಾರಿಗೂ ಉಪದೇಶ ಮಾಡಬೇಡಿರಿ. ಜೀವಕ್ಕೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ಧರ್ಮಸಭೆಯ ಕಾನೂನಿನ 1153ನೆಯ ವಿಧಿ ಅವಕಾಶ ಕೊಡುತ್ತದೆ. ಲೂಯಿ ಮತ್ತು ಝೆಲಿಯ ಮನೆಯಲ್ಲಿ ಕಷ್ಟ ಹೊರಗಿನಿಂದ ಬಂತು. ಅವರು ಒಬ್ಬರಿಗೊಬ್ಬರು ಕಷ್ಟವಾಗಲಿಲ್ಲ.

1892ರ ಮೇ 10ರಂದು ಲೂಯಿಯನ್ನು ಮನೆಗೆ ಕರೆತಂದರು. ಕಾಲುಗಳು ಸ್ವಾಧೀನ ತಪ್ಪಿದ್ದವು, ಮಾತು ಹೊರಡುವುದೇ ಕಷ್ಟ. ಎರಡು ದಿನ ಬಿಟ್ಟು ಕಾರ್ಮೆಲ್ ಮಠದ ಭೇಟಿಯ ಕೋಣೆಗೆ ಕರೆದೊಯ್ದರು. ಸರಳುಗಳ ಆಚೆ ಮೂವರು ಹೆಣ್ಣುಮಕ್ಕಳು. ಮೂರು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ, ಅದೇ ಕೊನೆಯ ಭೇಟಿ. ಹೊರಡುವ ಹೊತ್ತಿಗೆ ಅವರು ಕಣ್ಣೀರು ತುಂಬಿಕೊಂಡು ಬೆರಳನ್ನು ಮೇಲಕ್ಕೆತ್ತಿ, ಇನ್ನು ಸ್ವರ್ಗದಲ್ಲಿ ಎಂಬಷ್ಟನ್ನು ಮಾತ್ರ ಹೇಳಿದರು. ಸೆಲಿನ್ ಅವರನ್ನು ಮನೆಗೆ ಕರೆದುಕೊಂಡು ಹೋದಳು. ಇನ್ನೂ ಎರಡು ವರ್ಷ ಉಣಿಸಿ, ತೊಳೆದು, ಮಲಗಿಸಿ ನೋಡಿಕೊಂಡಳು. 1894ರ ಜುಲೈ 29ರಂದು ತಂದೆ ತೀರಿಕೊಂಡರು. ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನ, ಸೆಲಿನ್ ಕಾರ್ಮೆಲ್ ಮಠದ ಬಾಗಿಲು ತಟ್ಟಿದಳು.